ಬಣ್ಣದ ಕೆಲಸಕ್ಕೆ ಯಾವ ಪರವಾನಗಿ?



ಸ್ವಂತ ಉದ್ಯೋಗದ ವಿಷಯವಾಗಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಈ ತಿಂಗಳು ಒಂದನ್ನು ಮಾತ್ರ ಎತ್ತಿಕೊಂಡಿದ್ದೇವೆ. ಬರೆದವರು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಗೆ ಸಮೀಪದ ಹಳ್ಳಿಯ ಒಬ್ಬ ತಾಯಿ. ಅವರ ಹಿರಿಯ ಮಗ ಎಂಟು ವರ್ಷಗಳಿಂದ ಬಣ್ಣದ ಮೇಸ್ತ್ರಿಯೊಬ್ಬರ ಕೈಕೆಳಗೆ ದುಡಿಯುತ್ತಿದ್ದಾನೆ. ಪಿ.ಯು.ಸಿ. ಮುಗಿಸಿದ ಕಿರಿಯವನೂ ಅಣ್ಣನ ಜೊತೆಗೂಡಿದ್ದಾನೆ. ಇನ್ನು ಮುಂದೆ ತಾವೇ ಗುತ್ತಿಗೆ ಹಿಡಿಯಬೇಕೆಂದು ಸೋದರರು ನಿಶ್ಚಯಿಸಿ, ಕಾರ್ಖಾನೆಯೊಂದರ ಗೋದಾಮಿಗೆ ಬಣ್ಣ ಹೊಡೆಯುವ ಕೆಲಸ ಕೇಳಲು ಹೋದಾಗ, 'ಲೈಸೆನ್ಸ್ ಇದೆಯೇ?' ಎಂಬ ಪ್ರಶ್ನೆ ಎದುರಾಯಿತಂತೆ. ಅದನ್ನು ಕೇಳಿಸಿಕೊಂಡ ಮಧ್ಯವರ್ತಿಯೊಬ್ಬ, 'ಪೇಂಟಿಂಗ್ ಲೈಸೆನ್ಸ್ ನಾನು ಮಾಡಿಸಿಕೊಡುತ್ತೇನೆ, 18,000 ರೂಪಾಯಿ ಆಗುತ್ತದೆ' ಎಂದು ಬೆನ್ನು ಹತ್ತಿದ್ದಾನೆ. ಮನೆಯಲ್ಲಿ ಕರೆಯುವ ಹಸು ಒಂದಿದೆ, ಅದನ್ನು ಮಾರಿ ಈ ಹಣ ಹೊಂದಿಸಬಹುದೇ ಎಂಬುದು ಆ ತಾಯಿಯವರ ಪ್ರಶ್ನೆ.

ಹಸುವನ್ನು ಮಾರಬೇಡಿರೆಂದು ಅವರಿಗೆ ಅಂಚೆಯಲ್ಲಿ ಈಗಾಗಲೇ ಉತ್ತರ ಬರೆದಿದ್ದೇವೆ. ಆ ಉತ್ತರವನ್ನು ಇಲ್ಲಿ ವಿಸ್ತರಿಸುತ್ತಿರುವುದಕ್ಕೆ ಕಾರಣವೆಂದರೆ, ಇದೇ ಪ್ರಶ್ನೆ ನಮ್ಮ ಓದುಗರ ಇನ್ನೆಷ್ಟೋ ಮನೆಗಳಲ್ಲಿ ಇದ್ದೀತು.

ದಾಬಸ್‌ಪೇಟೆಯನ್ನು ಬಲ್ಲವರಿಗೆ ಈ ಪತ್ರ ಅಲ್ಲಿಂದಲೇ ಏಕೆ ಬಂದಿತೆಂದು ವಿವರಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಡಾಬ್ಸ್ ಎಂಬ ಆಂಗ್ಲ ಅಧಿಕಾರಿಯ ಹೆಸರನ್ನು ಹೊತ್ತಿರುವ ಈ ಪೇಟೆ ನಮ್ಮಲ್ಲಿ ಅನೇಕರಿಗೆ ಶಿವಗಂಗೆಯ ಯಾತ್ರೆಯ ದಾರಿಯಾಗಿಯೇ ಪರಿಚಿತ. ಈಗ ಬೆಂಗಳೂರು–ತುಮಕೂರು ಹೆದ್ದಾರಿಯ ಮಗ್ಗುಲಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದು ನಿಂತಿದೆ. ದೊಡ್ಡಬಳ್ಳಾಪುರದ ಮೂಲಕ ಹೊಸಕೋಟೆಗೆ ಸಾಗುವ ಹೆದ್ದಾರಿಯೂ ಇಲ್ಲಿಂದಲೇ ಹೊರಡುತ್ತದೆ. ಕಾರ್ಖಾನೆ, ಗೋದಾಮು, ಶೆಡ್ಡು, ಬಾಡಿಗೆ ಮನೆಗಳ ಸಾಲು. ಇವೆಲ್ಲಕ್ಕೂ ಬಣ್ಣ ಬೇಕು. ಹಿಂದೆ ಯುಗಾದಿಗೋ ದೀಪಾವಳಿಗೋ ಮನೆಯವರೇ ಸುಣ್ಣ ಕದಡಿ, ಚೂರು ನೀಲಿ ಬೆರೆಸಿ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ವರ್ಷದ ಬಣ್ಣ ಮುಗಿಯುತ್ತಿತ್ತು. ಆ ಕೆಲಸಕ್ಕೆ ಕಾಗದ ಕೇಳುವವರು ಯಾರೂ ಇರಲಿಲ್ಲ. ಪಟ್ಟಿ, ಪ್ರೈಮರು, ಎಮಲ್ಷನ್ನು ಎಂದು ಚದರಡಿಯ ಲೆಕ್ಕದಲ್ಲಿ ದರ ಕಟ್ಟುವ ಇಂದಿನ ಕಸುಬೇ ಬೇರೆ.

ಮೊದಲು ಮುಖ್ಯ ಸಂಗತಿ. ಗೋಡೆಗೆ ಬಣ್ಣ ಬಳಿಯುವ ಕಸುಬನ್ನು ನಡೆಸಲು 'ಪೇಂಟಿಂಗ್ ಲೈಸೆನ್ಸ್' ಎಂಬ ಪ್ರತ್ಯೇಕ ಪರವಾನಗಿ ನಮ್ಮ ರಾಜ್ಯದಲ್ಲಿ ಇಲ್ಲ. ವಿದ್ಯುತ್ ಕೆಲಸದ ಗುತ್ತಿಗೆದಾರನಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯ ಕೊಳವೆಗೆ ಕೈಹಚ್ಚಲು ಆ ಮಂಡಳಿ ಪರವಾನಗಿ ಕೊಟ್ಟ ಪ್ಲಂಬರನೇ ಆಗಬೇಕು. ಬಣ್ಣದವನಿಗೆ ಅಂಥದೊಂದಿಲ್ಲ, ಪರೀಕ್ಷೆಯೂ ಇಲ್ಲ. ಎಲ್ಲ ದೇಶಗಳಲ್ಲಿಯೂ ಹೀಗೆಯೇ ಎಂದು ಭಾವಿಸಬಾರದು. ನಮ್ಮ ಬಂಧುಗಳು ಅನೇಕರು ನೆಲೆಸಿರುವ ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1,000 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಬಣ್ಣದ ಕೆಲಸವನ್ನು ಗುತ್ತಿಗೆ ಹಿಡಿಯಬೇಕಾದರೆ ಸಿ-33 ಎಂಬ ವರ್ಗದ ಪರವಾನಗಿ ಅವಶ್ಯ. ಅದಕ್ಕೆ ನಾಲ್ಕು ವರ್ಷಗಳ ಅನುಭವ ತೋರಿಸಬೇಕು, 25,000 ಡಾಲರಿನ ಜಾಮೀನು ಪತ್ರವನ್ನೂ ಒದಗಿಸಬೇಕು. ಆ ಪರವಾನಗಿಯ ಸುದ್ದಿ ಮೊಬೈಲಿನಲ್ಲಿ ಓದಿದವರು ಇಲ್ಲಿಯೂ ಹಾಗೆಯೇ ಇರಬೇಕೆಂದು ತಿಳಿಯುತ್ತಾರೆ. ಮಧ್ಯವರ್ತಿಗಳು ಆ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಇಲ್ಲದ ಕಾಗದಕ್ಕೆ 18,000 ಕೊಟ್ಟವನಿಗೆ ಕೊನೆಗೆ ಸಿಗುವುದು, ಸರ್ಕಾರ ಉಚಿತವಾಗಿ ಕೊಡುವ ಯಾವುದೋ ನೋಂದಣಿಯ ಒಂದು ಅಚ್ಚು ಪ್ರತಿ.

ಹಾಗಾದರೆ ಕಾರ್ಖಾನೆಯ ಬಾಗಿಲಲ್ಲಿ ಕೇಳಿದ್ದು ಏನನ್ನು? ಅವರ ಬಾಯಲ್ಲಿ 'ಲೈಸೆನ್ಸ್' ಎಂಬ ಒಂದೇ ಮಾತು ನಾಲ್ಕಾರು ಕಾಗದಗಳಿಗೆ ಸಲ್ಲುತ್ತದೆ. ಸೋದರರು ಮತ್ತೊಮ್ಮೆ ಹೋಗಿ ಯಾವ ಕಾಗದಗಳು ಬೇಕೆಂದು ಬರೆಯಿಸಿಕೊಂಡು ಬರುವುದು ಲೇಸು. ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಪ್ಯಾನ್ ಕಾರ್ಡು, ಜಿ.ಎಸ್.ಟಿ. ಸಂಖ್ಯೆ, ಅಂಗಡಿ ಮುಂಗಟ್ಟುಗಳ ಕಾಯಿದೆಯ ನೋಂದಣಿ, ಇ.ಎಸ್.ಐ. ಮತ್ತು ಭವಿಷ್ಯ ನಿಧಿಯ ಸಂಖ್ಯೆಗಳು, ಗುತ್ತಿಗೆ ಕಾರ್ಮಿಕರ ಪರವಾನಗಿ, ಕೆಲಸಗಾರರ ವಿಮೆ ಇರುತ್ತವೆ. ಎಲ್ಲವೂ ಎಲ್ಲರಿಗೂ ಅನ್ವಯಿಸುವುದಿಲ್ಲ. ಯಾವುದು ತನಗೆ ಅನ್ವಯಿಸದೆಂಬುದನ್ನು ಬಲ್ಲವನು ಕಾರ್ಖಾನೆಯ ಅಧಿಕಾರಿಗೆ ವಿನಯದಿಂದಲೇ ಉತ್ತರ ಕೊಡಬಲ್ಲ.

ಈ ಪಟ್ಟಿಯಲ್ಲಿ ಜನ ಕೊನೆಗೆ ನೋಡುವುದನ್ನು, ಎಂದರೆ ಕೆಲಸಗಾರರ ವಿಮೆಯನ್ನು, ನಾವು ಮೊದಲು ಹೇಳಬಯಸುತ್ತೇವೆ. ಗೋದಾಮಿನ ಗೋಡೆ ಮನೆಯ ಗೋಡೆಯಲ್ಲ. ಮೂವತ್ತು ನಲವತ್ತು ಅಡಿ ಎತ್ತರವಿರುತ್ತದೆ. ಮೇಲೆ ಸಿಮೆಂಟ್ ಹಾಳೆಯ ಛಾವಣಿ, ಕೆಳಗೆ ಕಾಂಕ್ರೀಟು ನೆಲ. ಸಾರುವೆಯ ಒಂದು ಹಗ್ಗ ಸಡಿಲಿದರೆ ಸಾಕು. ಅಣ್ಣನ ಕೈಕೆಳಗೆ ಕೂಲಿಗೆ ಬಂದ 30 ವರ್ಷದ ಯುವಕನೊಬ್ಬ ಹಾಗೆ ಬಿದ್ದು ತೀರಿಕೊಂಡನೆಂದು ಭಾವಿಸೋಣ. ನೌಕರರ ಪರಿಹಾರದ ಕಾನೂನಿನಲ್ಲಿ ಲೆಕ್ಕ ಹೀಗಿದೆ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. 30 ವರ್ಷಕ್ಕೆ ಆ ಗುಣಕ 207.98. ತಿಂಗಳ ಕೂಲಿಯನ್ನು 15,000 ರೂಪಾಯಿ ಎಂದು ಹಿಡಿದರೂ ಪರಿಹಾರ 15,59,850 ರೂಪಾಯಿ ಆಗುತ್ತದೆ. ಈ ಹೊಣೆ ಕೆಲಸ ಕೊಟ್ಟವನದು. ಕಾರ್ಖಾನೆಯವರಿಂದ ವಸೂಲಾದರೂ ಅವರು ಅದನ್ನು ಗುತ್ತಿಗೆದಾರನಿಂದ ತುಂಬಿಸಿಕೊಳ್ಳುವ ಹಕ್ಕುಳ್ಳವರು. 'ಅವನು ನಮ್ಮೂರ ಹುಡುಗ, ಬರವಣಿಗೆಯೇನೂ ಇರಲಿಲ್ಲ' ಎಂಬ ಮಾತು ಅಲ್ಲಿ ನಿಲ್ಲದು. ಒಂದು ಹಸುವಿನ ಬೆಲೆಗೆ ಮುಗಿಯುವ ಮಾತಲ್ಲ ಇದು. ಬಿದ್ದವನ ಮನೆ, ಗುತ್ತಿಗೆ ಹಿಡಿದವನ ಮನೆ, ಎರಡೂ ಒಂದೇ ದಿನ ಕುಸಿಯುತ್ತವೆ.

ಆದುದರಿಂದ ಸೋದರರು ಮೊದಲು ಖರ್ಚು ಮಾಡಬೇಕಾದ ಹಣ ವಿಮೆಯದು. ಸಾರ್ವಜನಿಕ ವಲಯದ ಸಾಮಾನ್ಯ ವಿಮಾ ಕಂಪನಿಗಳು ನೌಕರರ ಪರಿಹಾರದ ವಿಮೆಯನ್ನು ಕೆಲಸಗಾರರ ಸಂಖ್ಯೆ, ಕೂಲಿ ಮತ್ತು ಕೆಲಸದ ಸ್ವರೂಪ ನೋಡಿ ಮಾಡಿಕೊಡುತ್ತವೆ. ಎತ್ತರದ ಕೆಲಸವೆಂಬುದನ್ನು ಮುಚ್ಚಿಡದೆ ಅರ್ಜಿಯಲ್ಲಿ ಬರೆಯಬೇಕು. ಮುಚ್ಚಿಟ್ಟರೆ ಪಾಲಿಸಿಯಿದ್ದೂ ಇಲ್ಲದಂತೆ. ಕೆಲಸಗಾರರ ಸಂಖ್ಯೆ 10 ಅಥವಾ ಹೆಚ್ಚು ಆದಾಗ ಇ.ಎಸ್.ಐ. ಕಡ್ಡಾಯವಾಗುತ್ತದೆ. ಕೂಲಿಯ ಮೇಲೆ ಮಾಲೀಕನದು 100ಕ್ಕೆ 3.25, ಕೆಲಸಗಾರನದು 0.75. ಆಗ ಅಪಘಾತದ ಹೊಣೆಯನ್ನು ಇ.ಎಸ್.ಐ. ನಿಗಮವೇ ಹೊರುತ್ತದೆ, ಮನೆಮಂದಿಯ ಔಷಧೋಪಚಾರವೂ ಸಿಗುತ್ತದೆ. ಭವಿಷ್ಯ ನಿಧಿಗೆ 20 ಮಂದಿಯ ಮಿತಿ.

ಕೆಲಸಗಾರರು ತಮ್ಮ ಹೆಸರಿನಲ್ಲಿಯೇ ಮಾಡಿಸಿಕೊಳ್ಳಬೇಕಾದ ನೋಂದಣಿಯೊಂದಿದೆ. ಅದು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯದು. ಬಣ್ಣದವರೂ ಕಟ್ಟಡ ಕಾರ್ಮಿಕರೇ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಅರ್ಹರು. ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ವಸೂಲಾಗುವ ಸುಂಕದಿಂದ ಈ ಮಂಡಳಿಯ ನಿಧಿ ಬೆಳೆದಿದೆ. ಹೆರಿಗೆ, ಮಕ್ಕಳ ಓದು, ಅಪಘಾತ, ಪಿಂಚಣಿ ಮೊದಲಾದುವಕ್ಕೆ ಇಲ್ಲಿಂದ ನೆರವು ಬರುತ್ತದೆ. ಕಟ್ಟಡದ ಕೆಲಸವನ್ನೇ ಮಾಡದವರು ಸುಳ್ಳು ಪತ್ರ ತಂದು ಕಾರ್ಡು ಮಾಡಿಸಿಕೊಂಡ ಕಾರಣ ಪರಿಶೀಲನೆ ಈಗ ಬಿಗಿಯಾಗಿದೆ. ನಿಜವಾಗಿ ಏಣಿ ಹತ್ತುವವನ 90 ದಿನಗಳ ಕೆಲಸವನ್ನು ದೃಢೀಕರಿಸಿ ಬರೆದುಕೊಡುವುದು ಗುತ್ತಿಗೆದಾರನ ಕರ್ತವ್ಯ. ಹಾಜರಿ ಪುಸ್ತಕವೇ ಇಲ್ಲದವನು ಏನೆಂದು ಬರೆದುಕೊಟ್ಟಾನು?

ಕಾರ್ಮಿಕ ಕಾನೂನುಗಳ ಮಾತಿಗೆ ಬಂದರೆ, 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇಪ್ಪತ್ತೊಂಬತ್ತು ಹಳೆಯ ಕಾಯಿದೆಗಳ ಸ್ಥಾನವನ್ನು ಇವು ತುಂಬಿವೆ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿ 20 ಮಂದಿಯನ್ನು ಇಟ್ಟುಕೊಂಡ ಗುತ್ತಿಗೆದಾರ ಪರವಾನಗಿ ಪಡೆಯಬೇಕಾಗಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 50. ಆರೇಳು ಜನರೊಡನೆ ಆರಂಭಿಸುವ ಸೋದರರಿಗೆ ಹಳೆಯದೂ ಅನ್ವಯಿಸುತ್ತಿರಲಿಲ್ಲ, ಹೊಸದೂ ಅನ್ವಯಿಸುವುದಿಲ್ಲ. ಕಾರ್ಖಾನೆಯವರು ಹಳೆಯ ರೂಢಿಯಂತೆ ಕೇಳಿದರೆ ಇದನ್ನೇ ಹೇಳಬಹುದು. ಆದರೆ ಪ್ರತಿಯೊಬ್ಬ ನೌಕರನಿಗೂ ನೇಮಕ ಪತ್ರ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಒಂದು ಹಾಳೆಯಲ್ಲಿ ಹೆಸರು, ಕೆಲಸ, ಕೂಲಿ ಬರೆದು ಸಹಿ ಹಾಕುವ ಅಭ್ಯಾಸ ಮೊದಲಿನಿಂದಲೇ ಇರಲಿ. ವಾರದ ಕೂಲಿಯನ್ನು ವಾರದ ಕಡೆಯ ಕೆಲಸದ ದಿನವೇ ಕೊಡಬೇಕೆಂಬ ನಿಯಮವೂ ಇದೆ. ನಮ್ಮ ಕಡೆಯ ಶನಿವಾರದ ಬಟವಾಡೆಗೆ ಕಾನೂನಿನ ಮುದ್ರೆ ಬಿದ್ದಂತಾಯಿತು. ಮಾಲೀಕ ತನಗೆ ಹಣ ಕೊಟ್ಟಿಲ್ಲವೆಂದು ಕೂಲಿಯವನ ಬಟವಾಡೆ ತಡೆಯುವ ಮೇಸ್ತ್ರಿಗಳು ಇದನ್ನು ಗಮನಿಸಬೇಕು.

ಅಂಗಡಿಯ ನೋಂದಣಿಯ ವಿಷಯ ಸುಲಭ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961 ಅನ್ವಯವಾಗುವ ಊರುಗಳಲ್ಲಿ ಕಚೇರಿ ಅಥವಾ ಮಳಿಗೆ ತೆರೆದ 30 ದಿನಗಳೊಳಗೆ ಕಾರ್ಮಿಕ ನಿರೀಕ್ಷಕರಲ್ಲಿ ನೋಂದಾಯಿಸಬೇಕು. ಅರ್ಜಿಯನ್ನು ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ಜಾಲತಾಣದಲ್ಲಿ ಸಲ್ಲಿಸಬಹುದು. ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿ ಇದಕ್ಕಿಂತ ಬೇರೆ. ಬಣ್ಣದ ಡಬ್ಬಗಳನ್ನು ಮಾರುವ ಅಂಗಡಿಯನ್ನೋ ದಾಸ್ತಾನು ಮಳಿಗೆಯನ್ನೋ ತೆರೆದರೆ ಅದು ಬೇಕಾಗುತ್ತದೆ, ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿದರೆ ಶುಲ್ಕವನ್ನೂ ತಿಳಿಸುತ್ತಾರೆ. ಮನೆಯ ಜಗಲಿಯಲ್ಲಿ ಏಣಿ, ಬ್ರಷ್ಷು, ರೋಲರು ಇರಿಸಿಕೊಂಡು ಬೇರೆಯವರ ಕಟ್ಟಡಕ್ಕೆ ಹೋಗಿ ದುಡಿಯುವವನಿಗೆ ಅದರ ಗೊಡವೆ ಸಾಮಾನ್ಯವಾಗಿ ಇಲ್ಲ.

ಜಿ.ಎಸ್.ಟಿ.ಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಣ್ಣದ ಕೆಲಸ ಸೇವೆಯ ಲೆಕ್ಕಕ್ಕೆ ಬರುವುದರಿಂದ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ತೆರಿಗೆ 100ಕ್ಕೆ 18. ಅನೇಕರು 20 ಲಕ್ಷವೆಂದರೆ ಲಾಭವೆಂದು ತಿಳಿದಿದ್ದಾರೆ. ಅದು ಕೈಗೆ ಬಂದ ಒಟ್ಟು ಬಿಲ್ಲಿನ ಮೊತ್ತ. ಲೆಕ್ಕಕ್ಕಾಗಿ ದಿನಗೂಲಿ 900 ಎಂದಿಟ್ಟುಕೊಂಡು, ಎಂಟು ಜನ ತಿಂಗಳಿಗೆ 25 ದಿನ ದುಡಿದರೆ ತಿಂಗಳಿಗೆ 1,80,000, ವರ್ಷಕ್ಕೆ 21,60,000. ಮೇಸ್ತ್ರಿಗೆ ಒಂದು ಕಾಸೂ ಉಳಿಯುವ ಮೊದಲೇ, ಬರೀ ಕೂಲಿಯಲ್ಲಿಯೇ ಮಿತಿ ದಾಟಿತು. ಬಣ್ಣವನ್ನೂ ತಾವೇ ತಂದು ಕೆಲಸ ಮುಗಿಸಿಕೊಡುವ ಗುತ್ತಿಗೆಯಾದರೆ, ಕೂಲಿಯಷ್ಟೇ ಬಣ್ಣದ ಬೆಲೆಯೂ ಸೇರಿ, ನಾಲ್ಕು ಜನಕ್ಕೇ ಅಲ್ಲಿಗೆ ಮುಟ್ಟುತ್ತದೆ. ಆರಂಭದ ವರ್ಷಗಳಲ್ಲಿ ಬಣ್ಣದ ಅಂಗಡಿಯ ಬಿಲ್ಲನ್ನು ಕಟ್ಟಡದ ಮಾಲೀಕರ ಹೆಸರಿನಲ್ಲಿಯೇ ಮಾಡಿಸಿ, ಅವರಿಂದಲೇ ಹಣ ಕೊಡಿಸಿ, ಕೂಲಿಯ ಗುತ್ತಿಗೆಯನ್ನು ಮಾತ್ರ ಹಿಡಿಯುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಬಣ್ಣಕ್ಕೆ ಮುಂಗಡ ಹೂಡುವ ಹೊರೆಯೂ ಆಗ ತಪ್ಪುತ್ತದೆ.

2025ರ ಜುಲೈ ತಿಂಗಳನ್ನು ಓದುಗರು ಮರೆತಿರಲಾರರು. ಮೊಬೈಲಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ತತ್ತರಿಸಿದ್ದರು. ಬಣ್ಣದ ಮೇಸ್ತ್ರಿಯ ಫೋನಿಗೂ ಹಾಗೆಯೇ ಹಣ ಬರುತ್ತದೆ: ಗುತ್ತಿಗೆಯ ಹಣ, ಸಂಬಂಧಿಕರು ತೀರಿಸಿದ ಸಾಲ, ಚೀಟಿಯ ಹಣ, ಎಲ್ಲವೂ ಒಂದೇ ಖಾತೆಗೆ. ಯಾವುದು ಯಾವುದೆಂದು ಎರಡು ವರ್ಷದ ಮೇಲೆ ವಿಂಗಡಿಸುವುದು ಯಾರಿಂದ ಸಾಧ್ಯ? ಕಸುಬಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಇದಕ್ಕೆ ಯಾವ ಮಧ್ಯವರ್ತಿಯೂ ಬೇಡ.

ಕಾರ್ಖಾನೆಯವರು ಬಿಲ್ಲಿನಲ್ಲಿ ಹಣ ಹಿಡಿದುಕೊಂಡರೆಂದು ಕೆಲವರು ಜಗಳಕ್ಕೆ ಹೋಗುತ್ತಾರೆ. ಒಂದು ಬಿಲ್ಲು 30,000 ಅಥವಾ ವರ್ಷದ ಒಟ್ಟು 1,00,000 ರೂಪಾಯಿ ಮೀರಿದರೆ, ವ್ಯಕ್ತಿಯಾದ ಗುತ್ತಿಗೆದಾರನಿಗೆ 100ಕ್ಕೆ 1ರಂತೆ ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಮುರಿಯಬೇಕೆಂಬುದು ನಿಯಮ. ಪ್ಯಾನ್ ಕೊಡದಿದ್ದರೆ ಅದು 20ಕ್ಕೆ ಏರುತ್ತದೆ. ಮುರಿದ ಹಣ ಕಳೆದುಹೋಗುವುದಿಲ್ಲ. ಆದಾಯ ತೆರಿಗೆಯ ವಿವರಪತ್ರ ಸಲ್ಲಿಸಿದರೆ, ತೆರಿಗೆ ಬಾಕಿ ಇಲ್ಲದವನಿಗೆ ಹಿಂದಿರುಗಿ ಬರುತ್ತದೆ. ಆ ವಿವರಪತ್ರ ಮುಂದೆ ಬ್ಯಾಂಕಿನ ಸಾಲಕ್ಕೂ ದಾಖಲೆಯಾಗುತ್ತದೆ. ವೃತ್ತಿ ತೆರಿಗೆಯ ವಿಚಾರದಲ್ಲಿ ಒಂದೇ ಮಾತು: ಸಂವಿಧಾನದ 276ನೆಯ ಅನುಚ್ಛೇದದಂತೆ ಅದು ಒಬ್ಬನಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ.

'ಉದ್ಯಮ್' ನೋಂದಣಿ ಎಂಬುದನ್ನು ಓದುಗರು ಕೇಳಿರಬಹುದು. 2020ರ ಜುಲೈ 1ರಿಂದ ನಡೆದುಬಂದ ಈ ನೋಂದಣಿ ಆಧಾರ್ ಸಂಖ್ಯೆಯಿಂದ ಆಗುತ್ತದೆ, ಪೂರ್ಣ ಉಚಿತ. ಇದು ಪರವಾನಗಿಯಲ್ಲ, ಕಿರು ಉದ್ಯಮವೆಂಬ ಗುರುತು. 18,000 ರೂಪಾಯಿಗೆ ಮಧ್ಯವರ್ತಿ ಕೊಡಲಿದ್ದುದು ಬಹುಶಃ ಇದನ್ನೇ ಎಂಬುದು ನಮ್ಮ ಊಹೆ. ನೋಂದಾಯಿಸಿದ ಕಿರು ಉದ್ಯಮಕ್ಕೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಕಾಯಿದೆ ಹೇಳುತ್ತದೆ. ಆದರೆ ವಸ್ತುವೂ ಕೂಲಿಯೂ ಕೂಡಿದ ಕಾಮಗಾರಿ ಗುತ್ತಿಗೆಗೆ ಈ ರಕ್ಷಣೆ ಸಲ್ಲುವುದೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ಬಹಳ ವಾದ ನಡೆದಿದೆ. ಹಾಗಾಗಿ ಅದನ್ನೇ ನೆಚ್ಚಿ ಕೂರದೆ, ಎಷ್ಟು ಕೋಟು, ಯಾವ ಬಣ್ಣ, ಎಷ್ಟು ಚದರಡಿ, ಬಾಗಿಲು ಕಿಟಕಿಗಳನ್ನು ಅಳತೆಯಲ್ಲಿ ಕಳೆಯುವುದೋ ಇಲ್ಲವೋ, ಸಾರುವೆ ಯಾರದು, ಹಣ ಯಾವ ಹಂತದಲ್ಲಿ ಎಂಬುದನ್ನು ಕೆಲಸಕ್ಕೆ ಮೊದಲೇ ಬರೆದು ಸಹಿ ಪಡೆಯಬೇಕು. ಬಣ್ಣದ ಕೆಲಸದ ಜಗಳಗಳಲ್ಲಿ ಬಹುಪಾಲು ಅಳತೆಯ ಜಗಳಗಳೇ.

ಅಣ್ಣ ತಮ್ಮಂದಿರು ಕೂಡಿ ಮಾಡುವ ಕಸುಬಾದುದರಿಂದ ಇನ್ನೊಂದು ಮಾತು. ಪಾಲುದಾರಿಕೆಯ ಪತ್ರ ಬರೆಯೋಣವೆಂದರೆ ನಮ್ಮ ಮನೆಗಳಲ್ಲಿ, 'ಒಡಹುಟ್ಟಿದವರ ನಡುವೆ ಕಾಗದವೇ?' ಎಂದು ಹಿರಿಯರು ಮುನಿಸಿಕೊಳ್ಳುತ್ತಾರೆ. ಸೊಸೆಯಂದಿರು ಬಂದು, ಮಕ್ಕಳು ಬೆಳೆದು, ಏಣಿ ಯಾರದು, ಡ್ರಿಲ್ಲು ಯಾರದು, ಬಾಕಿ ಬರಬೇಕಾದ ಬಿಲ್ಲಿನಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಎದ್ದಾಗ ಬರೆಯದ ಪತ್ರದ ನೆನಪಾಗುತ್ತದೆ. 1932ರ ಪಾಲುದಾರಿಕೆ ಕಾಯಿದೆಯಂತೆ ಪತ್ರವನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಆದರೆ ನೋಂದಾಯಿಸದ ಸಂಸ್ಥೆ ಗುತ್ತಿಗೆಯ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಪಾಲುದಾರಿಕೆ ಬೇಡವೆಂದಾದರೆ ಅಣ್ಣನ ಹೆಸರಿನಲ್ಲಿ ಕಸುಬು ನಡೆಸಿ, ತಮ್ಮನಿಗೆ ಕೂಲಿಯನ್ನೋ ಸಂಬಳವನ್ನೋ ನಿಗದಿಪಡಿಸಬಹುದು. ಎರಡರಲ್ಲಿ ಒಂದನ್ನು ಈಗಲೇ ತೀರ್ಮಾನಿಸುವುದು ಒಳ್ಳೆಯದು. ಆ ತಾಯಿಯವರೇ ಮಕ್ಕಳನ್ನು ಎದುರು ಕೂರಿಸಿಕೊಂಡು ಇದನ್ನು ಕೇಳಬೇಕು; ಬೇರೆಯವರು ಕೇಳಿದರೆ ತಪ್ಪಾಗಿ ಕಾಣುತ್ತದೆ.

ಕಾಗದದಲ್ಲಿ ಬಾರದ, ಆದರೆ ಮನೆಯೊಳಗೆ ಬರುವ ಅಪಾಯವೊಂದಿದೆ. ಅದು ಸೀಸ. ಬಣ್ಣದ ಹೊಳಪಿಗೆ, ಬೇಗ ಒಣಗುವುದಕ್ಕೆ ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿ ಬಹುಕಾಲದ್ದು. ಮಕ್ಕಳ ಮಿದುಳಿಗೆ ಸೀಸ ಹಾನಿಕರ. ಇಷ್ಟು ಇದ್ದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದವರಲ್ಲಿ ಪ್ರಮುಖರು. ಮನೆಗಳಿಗೆ ಬಳಿಯುವ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಗಳಿಗೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಆ ನಿಯಮ ಕಾರ್ಖಾನೆಗಳ ಯಂತ್ರ, ಕಬ್ಬಿಣದ ಕಂಬಗಳಿಗೆ ಬಳಿಯುವ ಕೈಗಾರಿಕಾ ಬಣ್ಣಕ್ಕೆ ಅನ್ವಯಿಸುವುದಿಲ್ಲ. ಸೋಂಪುರದಂತಹ ಪ್ರದೇಶದಲ್ಲಿ ಕೆಲಸ ಹಿಡಿಯುವವರು ಇದನ್ನು ತಿಳಿದಿರಲೇಬೇಕು. ಕಾರ್ಖಾನೆಯಲ್ಲಿ ಉಳಿದ ಅರ್ಧ ಡಬ್ಬ ಬಣ್ಣವನ್ನು ತಂದು ಮನೆಯ ಕಿಟಕಿಯ ಸರಳಿಗೋ ಮಗುವಿನ ತೊಟ್ಟಿಲಿಗೋ ಬಳಿಯುವುದು ನಮ್ಮಲ್ಲಿ ಕಂಡುಬರುವ ಉಳಿತಾಯ. ದಯವಿಟ್ಟು ಬೇಡ. ಹಳೆಯ ಬಣ್ಣವನ್ನು ಉಜ್ಜುವಾಗ ನೀರು ಹಚ್ಚಿಕೊಂಡು ಎಮರಿ ಕಾಗದ ಆಡಿಸಬೇಕು, ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆಗಳೊಡನೆ ಒಗೆಯಬಾರದು. ಅಪ್ಪ ಬಂದೊಡನೆ ತೊಡೆಯೇರುವ ಕೂಸು ಇದ್ದರೆ, ಮೊದಲು ಸ್ನಾನ, ಆಮೇಲೆ ಮುದ್ದು. ಮನೆಗೆ ಬಣ್ಣ ಮಾಡಿಸುವ ಗೃಹಿಣಿಯರೂ ಹಳೆಯ ಬಣ್ಣ ಕೆರೆಯುವ ದಿನ ಬಸುರಿಯರನ್ನೂ ಮಕ್ಕಳನ್ನೂ ಬೇರೆ ಮನೆಗೆ ಕಳುಹಿಸುವುದು ಕ್ಷೇಮ. ಅಮೆರಿಕೆಯಲ್ಲಿ 1978ಕ್ಕೆ ಹಿಂದಿನ ಮನೆಗಳ ಬಣ್ಣ ಕೆರೆಯಲು ಪ್ರತ್ಯೇಕ ಪ್ರಮಾಣಪತ್ರವನ್ನೇ 2010ರಿಂದ ಕಡ್ಡಾಯ ಮಾಡಿದ್ದಾರೆ. ನಮ್ಮಲ್ಲಿ ಆ ಎಚ್ಚರವನ್ನು ಬಣ್ಣದವನೂ ಮನೆಯವರೂ ತಾವೇ ವಹಿಸಬೇಕಾಗಿದೆ.

ತಿನ್ನರು, ಟರ್ಪೆಂಟೈನ್‌ಗಳನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಪೇರಿಸುವುದೂ ಹಾಗೆಯೇ. ಬಲು ಬೇಗ ಹೊತ್ತಿಕೊಳ್ಳುವ ವರ್ಗದ ದ್ರವವನ್ನು, ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ, 30 ಲೀಟರಿನವರೆಗೆ ಮಾತ್ರ ಪರವಾನಗಿಯಿಲ್ಲದೆ ಇರಿಸಿಕೊಳ್ಳಲು 1934ರ ಪೆಟ್ರೋಲಿಯಂ ಕಾಯಿದೆ ಅವಕಾಶ ಕೊಟ್ಟಿದೆ. ಬೇಕಾದಷ್ಟನ್ನೇ ಆಗಾಗ ತರುವುದು ಒಳ್ಳೆಯದು. ಮುಂದೆ ಶೆಡ್ಡು ಕಟ್ಟಿ ಕಬ್ಬಿಣದ ಸಾಮಾನುಗಳಿಗೋ ವಾಹನಗಳಿಗೋ ಸ್ಪ್ರೇ ಬಣ್ಣ ಹೊಡೆಯುವ ಯೋಚನೆ ಬಂದರೆ ಆಗ ವಿಷಯವೇ ಬೇರೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯಿಲ್ಲದೆ ಅದನ್ನು ಆರಂಭಿಸಕೂಡದು. ಸರ್ಕಾರಿ ಶಾಲೆ, ಆಸ್ಪತ್ರೆಗಳ ಟೆಂಡರು ಹಿಡಿಯುವ ಆಸೆಯಿದ್ದರೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ ವಿಚಾರಿಸಬೇಕು. ಅದು ಎರಡನೆಯ ಮೂರನೆಯ ವರ್ಷದ ಮಾತು.

ಬಂಡವಾಳಕ್ಕೆ ಹಸುವೇ ಗತಿಯಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾರೆ ಕೆಲಸವಿದೆ, ಬಣ್ಣದ ಕೆಲಸವಿಲ್ಲ. ಗಾರೆಯವನು ಕಟ್ಟಿದ ಗೋಡೆಗೆ ಬಣ್ಣ ಹಚ್ಚುವವನನ್ನು ಏಕೆ ಬಿಟ್ಟರೋ ತಿಳಿಯದು. ಮುದ್ರಾ ಸಾಲಕ್ಕೆ ಆ ಅಡ್ಡಿಯಿಲ್ಲ. ಅದರ ಮೊದಲ ಹಂತ 50,000 ರೂಪಾಯಿವರೆಗೆ, ಆಸ್ತಿಯ ಜಾಮೀನು ಬೇಡ. ಏಣಿಗಳು, ಸುರಕ್ಷತಾ ಬೆಲ್ಟುಗಳು, ಹೆಲ್ಮೆಟ್ಟುಗಳು, ವಿಮೆಯ ಕಂತು, ಇಷ್ಟಕ್ಕೆ ಅದು ಆರಂಭದಲ್ಲಿ ಸಾಕಾದೀತು. ನಮ್ಮ ಸಮಾಜದ ಯುವಕರು 2020ರಲ್ಲಿ ಸ್ಥಾಪನೆಯಾದ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಸ್ವಯಂ ಉದ್ಯೋಗ ಸಾಲಕ್ಕೂ ಅರ್ಜಿ ಹಾಕಬಹುದು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಮೊದಲೇ ನಾಡ ಕಚೇರಿಯಿಂದ ಪಡೆದಿರಬೇಕು. ಲೆಕ್ಕ ಬರೆಯುವುದು, ದರ ಕಟ್ಟುವುದು, ಬ್ಯಾಂಕಿನವರೊಡನೆ ಮಾತನಾಡುವುದು, ಇವನ್ನು ಕಲಿಯಬೇಕೆನ್ನುವವರಿಗೆ ನೆಲಮಂಗಲದ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಈ ಸಂಸ್ಥೆ ಗ್ರಾಮೀಣ ನಿರುದ್ಯೋಗಿ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿಯನ್ನು ಊಟ ವಸತಿಯೊಡನೆ ಉಚಿತವಾಗಿ ಕೊಡುತ್ತದೆ. ದಾಬಸ್‌ಪೇಟೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ದೂರ. ಕಿರಿಯ ಮಗ ಒಮ್ಮೆ ಹೋಗಿ ವಿಚಾರಿಸಲಿ.

ಪತ್ರದ ಕೊನೆಯಲ್ಲಿ ಆ ತಾಯಿಯವರು, ಅಂಗಡಿಗೆ ಬೋರ್ಡು ಹಾಕಲು ಯಾರ ಅನುಮತಿ ಬೇಕೆಂದೂ ಕೇಳಿದ್ದಾರೆ. ತಮ್ಮದೇ ಮಳಿಗೆಯ ಮುಂದಿನ ನಾಮಫಲಕವಾದರೆ ಮಳಿಗೆಯ ಮಾಲೀಕರ ಒಪ್ಪಿಗೆ ಪಡೆದು, ಪಂಚಾಯಿತಿಗೆ ತಿಳಿಸಿದರಾಯಿತು. ಹೆದ್ದಾರಿಯ ಅಂಚಿನಲ್ಲಿ ನೆಡುವ ಫಲಕಕ್ಕೆ ಹೆದ್ದಾರಿಯವರ ಅಪ್ಪಣೆ ಬೇಕು, ಅದರ ತಂಟೆ ಬೇಡ. 2024ರ ತಿದ್ದುಪಡಿಯಂತೆ ಫಲಕದ ಮೇಲ್ಭಾಗದಲ್ಲಿ 100ಕ್ಕೆ 60 ಭಾಗ ಕನ್ನಡವಿರಬೇಕು. ಬಣ್ಣವೂ ಕೈಯಲ್ಲಿದೆ, ಬ್ರಷ್ಷೂ ಇದೆ. ಕಿರಿಯವನ ಅಕ್ಷರ ದುಂಡಗಿದೆಯೆಂದು ತಾಯಿಯವರೇ ಬರೆದಿದ್ದಾರೆ. ಬೋರ್ಡನ್ನು ಅವನೇ ಬರೆಯಲಿ.